ಉತ್ತರಹಳ್ಳಿ ದಾರಿಯಲ್ಲಿ ಕುದಿದ ಕಾರು

ಅಣ್ಣ ಅನಂತಪದ್ಮನಾಭ ತೀರಿಕೊಂಡ ಹತ್ತನೆಯ ದಿನ ಸೇತುರಾಮ, ವೈಕುಂಠ ಸಮಾರಾಧನೆಯ ಕಾರ್ಡುಗಳನ್ನು ಹಂಚಲು ಅಣ್ಣನದೇ ಕಾರಿನಲ್ಲಿ ಜಯನಗರದಿಂದ ಹೊರಟ. ಅಣ್ಣನ ಮಗ ಕರ್ಮಕ್ಕೆ ಕುಳಿತಿದ್ದರಿಂದ ಓಡಾಟವೆಲ್ಲ ಇವನ ಪಾಲಿಗೆ ಬಂದಿತ್ತು. ಈ ಹತ್ತು ದಿನವೂ ಅವನಿಗೆ ಅಳು ಬಂದಿರಲಿಲ್ಲ. ಯಾರು ಏನು ಹೇಳಿದರೂ ತಲೆಯಾಡಿಸುತ್ತಿದ್ದ, ಎಲೆಗೆ ಬಡಿಸಿದ್ದನ್ನು ಉಣ್ಣುತ್ತಿದ್ದ, ಅಷ್ಟೇ.

ಬನಶಂಕರಿ ಗುಡಿ ದಾಟಿ ಉತ್ತರಹಳ್ಳಿ ದಾರಿ ಹಿಡಿದು ಒಂದು ಮೈಲಿಯಾಗಿತ್ತೋ ಇಲ್ಲವೋ, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಸೇತುರಾಮ ಕಾರು ನಿಲ್ಲಿಸಿದ. ಇಳಿದು ನೋಡಬೇಕೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಬಾನೆಟ್ಟು ಎತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಪಕ್ಕದ ರಾಗಿ ಹೊಲದಿಂದ ಒಬ್ಬ ಓಡಿಬಂದು ಕೈ ಹಿಡಿದೆಳೆದ.

"ಮುಟ್ಬೇಡಿ ಸ್ವಾಮಿ, ಮುಖ ಬೆಂದೋಗ್ತದೆ."

ಅವನ ಹೆಸರು ಬೈರಣ್ಣ. ಹಿಂದೆ ಹತ್ತು ವರ್ಷ ಲಾರಿ ಓಡಿಸಿದವನು. ಬೆಲ್ಟು ಜಗ್ಗಿ ನೋಡಿದ. ರೇಡಿಯೇಟರಿಗೆ ಮುಂಗೈ ತಾಗಿಸಿದ.

"ಇಂಜಿನ್ ಕುದೀತೈತೆ, ಇದು ತಣ್ಣಗೈತೆ. ನೀರು ಓಡಾಡ್ತಿಲ್ಲ. ನಡುವೆ ಒಂದು ವಾಲ್ವ್ ಇರ್ತದೆ, ಬಿಸಿಯಾದ್ರೆ ತೆರ್ಕೋಬೇಕು. ಅದು ಕಚ್ಕೊಂಡು ಕೂತದೆ."

ಇಂಜಿನ್ ಆರುವವರೆಗೆ ಇಬ್ಬರೂ ಹುಣಸೆ ಮರದ ಕೆಳಗೆ ಕುಳಿತರು. ಆಮೇಲೆ ಬೈರಣ್ಣ ಡಿಕ್ಕಿಯಲ್ಲಿದ್ದ ಸ್ಪ್ಯಾನರಿನಿಂದ ಬೋಲ್ಟು ಬಿಚ್ಚಿ, ಹಿತ್ತಾಳೆಯ ವಾಲ್ವನ್ನು ಹೊರತೆಗೆದ. ಕೆಳಗಿದ್ದ ಕಾಗದದ ಗ್ಯಾಸ್ಕೆಟ್ ಹರಿದು ಬಂತು.

"ಗಟ್ಟಿ ಕಾಗದ ಏನಾದ್ರೂ ಐತಾ? ಹಾಕ್ದಿದ್ರೆ ನೀರು ಸೋರ್ತದೆ."

ಸೇತುರಾಮ ಸೀಟಿನ ಮೇಲಿನ ಕಟ್ಟಿನಿಂದ ಒಂದು ಕಾರ್ಡು ತಂದು ಕೊಟ್ಟ.

"ಮದ್ವೇದಾ ಸ್ವಾಮಿ?"

"ಅಲ್ಲ. ನಮ್ಮಣ್ಣನ ಹದಿಮೂರನೇ ದಿನದ್ದು."

ಬೈರಣ್ಣ ಕಾರ್ಡನ್ನು ಹಿಂದಕ್ಕೆ ಚಾಚಿದ.

"ಕತ್ತರಿಸಪ್ಪ. ಇನ್ನೂ ಬೇಕಾದಷ್ಟಿದೆ."

ಬೈರಣ್ಣ ಚಾಕುವಿನಿಂದ ಅಳತೆಗೆ ಕತ್ತರಿಸಿ, ಗ್ರೀಸು ಸವರಿ ಕೂರಿಸಿದ. ಅಣ್ಣನ ಹೆಸರಿನ ಅರ್ಧ ಮಣ್ಣಿನಲ್ಲಿ ಬಿದ್ದಿತ್ತು. ಸೇತುರಾಮ ಅದನ್ನೇ ನೋಡುತ್ತ, ಏನಾದರೂ ಅನ್ನಿಸೀತೆಂದು ಕಾದ. ಏನೂ ಅನ್ನಿಸಲಿಲ್ಲ.

ನೀರು ಓಡಾಡಲೆಂದು ವಾಲ್ವನ್ನು ಹೊರಗೇ ಬಿಟ್ಟು ಎಲ್ಲ ಮುಚ್ಚಿ, ಬಾವಿಯಿಂದ ನೀರು ತಂದು ತುಂಬಿಸಿದ ಮೇಲೆ ಕಾರು ಮತ್ತೆ ಕುದಿಯಲಿಲ್ಲ. ಹೊರಡುವಾಗ ಸೇತುರಾಮ ಮನೆಯ ಗುರುತು ಹೇಳಿ, "ಶುಕ್ರವಾರ ಊಟಕ್ಕೆ ಬಾಪ್ಪ" ಎಂದ.

ಶುಕ್ರವಾರ ಮನೆ ತುಂಬ ನೆಂಟರು. ಎಲ್ಲರೂ ಅಣ್ಣನ ವಿಷಯವೇ ಎತ್ತಿದರು. ಸೇತುರಾಮ ಎದ್ದು ಜಗಲಿಗೆ ಬಂದ. ಒಗೆದ ಅಂಗಿ ತೊಟ್ಟು ಬೈರಣ್ಣ ಒಬ್ಬನೇ ಕುಳಿತಿದ್ದ.

"ಕಾರು ಹೆಂಗೈತೆ ಸ್ವಾಮಿ?"

"ಕುದೀತಿಲ್ಲ. ನಿನ್ನೆ ಬಸವನಗುಡಿಗೂ ಹೋಗ್ಬಂದೆ. ಹೊಸ ವಾಲ್ವ್ ಇನ್ನೂ ಹಾಕ್ಸಿಲ್ಲ."

ಅಷ್ಟು ದಿನಗಳಲ್ಲಿ ಅವನು ಆಡಿದ ಉದ್ದನೆಯ ಮಾತು ಅದೇ. ಒಳಗಿನಿಂದ ಊಟಕ್ಕೆ ಕರೆಯುವವರೆಗೂ ಅವನು ಬೈರಣ್ಣನ ಪಕ್ಕದಲ್ಲೇ ಕುಳಿತಿದ್ದ.