ನೋಟು ತಿರುವಿ ನೋಡುವ ಹಾಶಿಂ ಸಾಹೇಬರು

ಹಾಶಿಂ ಸಾಹೇಬರ ಕೈಗೆ ಬಂದ ನೋಟು, ಅದು ಯಾವ ದೇಶದ್ದೇ ಆಗಿರಲಿ, ನೇರವಾಗಿ ಜೇಬಿಗೆ ಇಳಿದದ್ದನ್ನು ನಾನು ಕಂಡಿಲ್ಲ. ಮೊದಲು ಅವರ ಹೆಬ್ಬೆರಳು ಅದರ ನಾಲ್ಕೂ ಅಂಚುಗಳನ್ನು ಸವರಬೇಕು, ಬಳಿಕ ಅದು ಬೆಳಕಿಗೆ ಎದುರಾಗಿ ಏಳಬೇಕು, ಮಗುಚಬೇಕು, ಕಿವಿಯ ಬಳಿ ಒಮ್ಮೆ ಸದ್ದು ಮಾಡಬೇಕು. ಇಷ್ಟೂ ವಿಧಿಗಳು ಮುಗಿಯುವವರೆಗೆ ಎದುರಿನವರು, ಅವರು ಎಂಥ ಗಣ್ಯರೇ ಆಗಲಿ, ಕೈಕಟ್ಟಿ ನಿಂತಿರಬೇಕು. "ನಿಲ್ಲಿ, ನೋಡುವ" ಎಂಬುದು ಅವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತು. ಎಳನೀರು ಕುಡಿದರೂ ಫೋನು ತೋರಿಸಿ ನಡೆಯುವ ಇಂದಿನ ಮಂಗಳೂರಿನಲ್ಲಿ, ಕಾಗದದ ಹಣವನ್ನು ಇಷ್ಟು ಗಂಭೀರವಾಗಿ ಪರಿಗಣಿಸುವ ಇನ್ನೊಬ್ಬ ಮನುಷ್ಯನಿದ್ದಾನೆಂದು ನನಗನ್ನಿಸುವುದಿಲ್ಲ.

ಹಂಪನಕಟ್ಟೆಯಲ್ಲಿ ವಿದೇಶಿ ಹಣ ಬದಲಾಯಿಸಿಕೊಡುವ ಪುಟ್ಟ ಅಂಗಡಿಯೊಂದಿದೆ. ಅಲ್ಲಿ ಕುಳಿತುಕೊಳ್ಳುವ ಅನುಷ್ಕಾ ಎಂಬ ಹುಡುಗಿಗೆ, ಸಾಹೇಬರು ಮೆಟ್ಟಿಲು ಹತ್ತುವುದು ಕಂಡರೆ ಸಾಕು, ಅರ್ಧ ಗಂಟೆ ಹೋಯಿತೆಂದು ಗೊತ್ತಾಗುತ್ತಿತ್ತು. ಕಳೆದ ವರ್ಷ ಆಫ್ರಿಕಾಕ್ಕೆ ಹೊರಡುವ ಮುನ್ನ ನಾನೂ ಅವರ ಜೊತೆ ಹೋಗಿದ್ದೆ. ಅವಳು ಕೊಟ್ಟ ನೂರು ಡಾಲರಿನ ಹನ್ನೆರಡು ನೋಟುಗಳಲ್ಲಿ ನಾಲ್ಕನ್ನು ಅವರು ಹಿಂದಕ್ಕೆ ಸರಿಸಿದರು.

"ಇದರಲ್ಲಿ ಶಾಯಿ ಉಂಟು. ಬೇರೆ ಕೊಡಿ."

"ಸಣ್ಣ ಚುಕ್ಕೆ ಅಲ್ವಾ ಅಂಕಲ್, ಎಂತ ಆಗ್ತದೆ?"

"ಇಲ್ಲಿ ಎಂತದೂ ಆಗುದಿಲ್ಲ. ಅಲ್ಲಿ ಕಲೆಯಿದ್ದ ನೋಟು ಯಾರೂ ಮುಟ್ಟುದಿಲ್ಲ, ಆ ಚುಕ್ಕೆಗೇ ಊಟ ತಪ್ತದೆ."

ಅರುವತ್ತೆಂಟರ ಸಾಹೇಬರದು ಬಂದರಿನ ವ್ಯಾಪಾರಿ ಮನೆತನ. ಆಫ್ರಿಕಾದಿಂದ ಹಸಿ ಗೋಡಂಬಿ ಬೀಜ ಆರಿಸಿ ತರಿಸುವುದು ಅವರ ಕಸುಬು. ಕೊಯ್ಲಿನ ಕಾಲದಲ್ಲಿ ಅಲ್ಲಿಗೆ ಹೋಗಿ, ಗೋಣಿಗೊಂದು ಹಿಡಿ ಬೀಜ ತೆಗೆದು, ಕತ್ತರಿಸಿ, ತಿರುಳು ನೋಡಿ, ಇದು ಬೇಕು ಇದು ಬೇಡ ಎಂದು ಹೇಳುವುದು. ಎಳೆಯ ಪ್ರಾಯದಲ್ಲಿ ಮಾದರಿಯ ಚೀಲ ಹೊತ್ತು ಹೊತ್ತು ಬಲಭುಜ ಸ್ವಲ್ಪ ಇಳಿದಿದೆ, ಆದ್ದರಿಂದ ನಡೆಯುವಾಗ ಮನುಷ್ಯ ಗೋಡೆಯತ್ತ ವಾಲಿದಂತೆ ಕಾಣುತ್ತಾರೆ. ಪರದೇಶಕ್ಕೆ ಹೊರಟರೆ ಮಾತ್ರ ಬೂದುಬಣ್ಣದ ಒಂದು ದಪ್ಪ ಕೋಟು ತೊಡುತ್ತಾರೆ. ಅದರ ಒಳಜೇಬನ್ನು ಅವರ ಮಡದಿ ಲೈಲಾ ಹೊಲಿದು, ಗುಂಡಿ ಇಟ್ಟು, ಗುಂಡಿಯ ಮೇಲೊಂದು ಪಿನ್ನು ಹಾಕಿಕೊಟ್ಟಿದ್ದಾರೆ. ಭೂಮಧ್ಯರೇಖೆಯ ಬಿಸಿಲಿರಲಿ, ಬೆವರು ಕಾಲರಿನಿಂದ ತೊಟ್ಟಿಕ್ಕಲಿ, ಕೋಟು ಮೈಮೇಲೆಯೇ ಇರಬೇಕು. ಹತ್ತು ಹೆಜ್ಜೆಗೊಮ್ಮೆ ಅಂಗೈ ಎದೆಯನ್ನು ಮುಟ್ಟಿ ಬರಬೇಕು.

ಈ ಅಪನಂಬಿಕೆ ಹುಟ್ಟಿನಿಂದ ಬಂದದ್ದಲ್ಲ. ಇಪ್ಪತ್ತೆರಡರ ಹರೆಯದಲ್ಲಿ ಮೊದಲ ಸಲ ಅಲ್ಲಿಗೆ ಹೋದಾಗ, ಬೀದಿಯಲ್ಲಿ ಒಳ್ಳೆಯ ದರ ಹೇಳಿದ ನಗುಮುಖದವನೊಬ್ಬ ಇವರ ಡಾಲರುಗಳನ್ನು ತೆಗೆದುಕೊಂಡು, ರಬ್ಬರಿನಲ್ಲಿ ಬಿಗಿದ ಒಂದು ಕಟ್ಟು ಕೈಗಿಟ್ಟು, "ಪೊಲೀಸ್ ಬಂದ, ಓಡು" ಎಂದನಂತೆ. ಓಡಿ, ಕೋಣೆ ಸೇರಿ, ಕಟ್ಟು ಬಿಚ್ಚಿದರೆ ಮೇಲೊಂದು ಕೆಳಗೊಂದು ನೋಟು, ನಡುವೆ ಅಳತೆಗೆ ಕತ್ತರಿಸಿದ ಪತ್ರಿಕೆಯ ಕಾಗದ. ಹೋದದ್ದು ಸ್ವಂತ ಹಣವಲ್ಲ, ವಾಮಂಜೂರಿನ ಗೋಡಂಬಿ ಕಾರ್ಖಾನೆಯ ಧಣಿಗಳದ್ದು. ಊರಿಗೆ ಮರಳಿ ತಲೆ ತಗ್ಗಿಸಿ ನಿಂತವರಿಗೆ ಆ ಧಣಿಗಳು ಒಂದು ಕಟುಮಾತನ್ನೂ ಆಡಲಿಲ್ಲ. ಮರುವರ್ಷ ಮತ್ತೆ ಹಣ ಕೊಟ್ಟು ಅವರನ್ನೇ ಕಳುಹಿಸಿದರು. ಬೈದಿದ್ದರೆ ಮರೆತುಹೋಗುತ್ತಿತ್ತೇನೋ ಎಂದು ಸಾಹೇಬರು ನನಗೊಮ್ಮೆ ಹೇಳಿದ್ದುಂಟು.

ಆ ಧಣಿಗಳ ಮಗನೇ ಜೆರೋಮ್, ನನ್ನ ಕಾಲೇಜು ಸಹಪಾಠಿ, ಈಗ ಆ ಕಾರ್ಖಾನೆಯ ಯಜಮಾನ. ಮಾಸ್ತರಿಕೆಯಿಂದ ನಿವೃತ್ತನಾಗಿ ಮಣ್ಣಗುಡ್ಡದ ಮನೆಯಲ್ಲಿ ಕಾಲ ಕಳೆಯುತ್ತಿದ್ದ ನನ್ನನ್ನು, "ನೀನೂ ಬಾ ಮಾರಾಯ, ಹಾಶಿಂ ಬೀಜ ನೋಡ್ತಾರೆ, ನಾವು ಸಮುದ್ರ ನೋಡುವ" ಎಂದು ಎಳೆದುಕೊಂಡು ಹೋದವನು ಅವನು. ಹೀಗೆ ನಾವು ಮೂವರು ತಾಂಜಾನಿಯಾದ ದಕ್ಷಿಣ ಕರಾವಳಿಯ ಒಂದು ಸಣ್ಣ ಪಟ್ಟಣಕ್ಕೆ ಬಂದಿಳಿದೆವು.

ಮೂರನೆಯ ದಿನ ಭಾನುವಾರ. ಬೆಳಗಿನ ಉಪಾಹಾರ ಮುಗಿಸಿ ಎದ್ದ ಜೆರೋಮ್ ಹೊಟ್ಟೆ ಹಿಡಿದು ಅಲ್ಲೇ ಕುಸಿದ. ಅವನಿಗೆ ಹರ್ನಿಯಾ ಇರುವುದು ನನಗೆ ಗೊತ್ತಿತ್ತು, ಆಪರೇಶನ್ನನ್ನು ವರ್ಷಗಳಿಂದ ಮುಂದೂಡುತ್ತಿರುವುದೂ ಗೊತ್ತಿತ್ತು. ಹನ್ನೊಂದೂವರೆಗೆ ಅಲ್ಲಿನ ಒಂದು ಖಾಸಗಿ ಆಸ್ಪತ್ರೆಯ ವೈದ್ಯರು ಅವನ ಹೊಟ್ಟೆ ಒತ್ತಿ ನೋಡಿ, ನಮ್ಮಿಬ್ಬರನ್ನು ಹೊರಗೆ ಕರೆದರು. ಕರುಳು ಸಿಕ್ಕಿಕೊಂಡಿದೆ, ರಕ್ತ ಹರಿಯುವುದು ನಿಲ್ಲುತ್ತಿದೆ, ಇನ್ನು ಮೂರು ಗಂಟೆಗಳೊಳಗೆ ಕೊಯ್ಯದಿದ್ದರೆ ಕರುಳು ಸಾಯುತ್ತದೆ, ಆಮೇಲೆ ಮನುಷ್ಯನನ್ನು ಉಳಿಸುವುದು ಕಷ್ಟ. ಮುಂಗಡವಾಗಿ ಮೂವತ್ತು ಲಕ್ಷ ಶಿಲ್ಲಿಂಗ್ ಕಟ್ಟಬೇಕು. ಡಾಲರ್ ತೆಗೆದುಕೊಳ್ಳುವಂತಿಲ್ಲ, ಕಾರ್ಡಿನ ಯಂತ್ರ ಕೆಟ್ಟು ಎರಡು ದಿನವಾಗಿದೆ.

ನಮ್ಮ ಅಸಹಾಯಕತೆ ಒಂದೊಂದೇ ಪದರವಾಗಿ ಬಿಚ್ಚಿಕೊಂಡಿತು. ಬೀದಿಯ ಎಟಿಎಮ್ಮು ಜೆರೋಮನ ಕಾರ್ಡನ್ನು ನುಂಗಿ ಸುಮ್ಮನಾಯಿತು. ನನ್ನ ಕಾರ್ಡು ಹೊರದೇಶದಲ್ಲಿ ನಡೆಯಬೇಕಾದರೆ ಊರಿನಲ್ಲೇ ಏನೋ ಒಂದು ಗುಂಡಿ ಒತ್ತಿ ಬರಬೇಕಿತ್ತಂತೆ. ಈಗ ಒತ್ತಹೋದರೆ ಬ್ಯಾಂಕು ಕಳುಹಿಸುವ ಗುಟ್ಟಿನ ಸಂಖ್ಯೆ ನನ್ನ ಮಂಗಳೂರಿನ ಸಿಮ್ಮಿಗೆ ಬರಬೇಕು, ಆ ಸಿಮ್ಮು ಕಡಲು ದಾಟಿದ ಕೂಡಲೇ ಮೂಕವಾಗಿತ್ತು. ಬೀಜದ ವ್ಯಾಪಾರಿಗಳ ಫೋನುಗಳು ಬಡಿದುಕೊಂಡೇ ಇದ್ದವು. ಅವರೆಲ್ಲ ಒಳನಾಡಿನ ಹರಾಜಿಗೆ ಹೋಗಿದ್ದರು. ಹಣ ಬದಲಾಯಿಸುವ ಎರಡು ಅಂಗಡಿಗಳಿಗೂ ಬೀಗ. ಉಳಿದದ್ದು ಸಾಹೇಬರ ಕೋಟಿನೊಳಗಿನ ಆ ಹನ್ನೆರಡು ನೋಟುಗಳು ಮಾತ್ರ. ಒಂದು ಕಲೆಯಿಲ್ಲದ, ಒಂದು ಮಡಿಕೆಯಿಲ್ಲದ, ಆ ಗಳಿಗೆಗೆ ಯಾವ ಪ್ರಯೋಜನಕ್ಕೂ ಬಾರದ ನೋಟುಗಳು.

ಆಸ್ಪತ್ರೆಯ ಗೇಟಿನಲ್ಲಿ ಒಬ್ಬ ಯುವಕ ನಮ್ಮನ್ನು ತಡೆದ. ಡಾಲರ್ ಇದೆಯೇ, ಬ್ಯಾಂಕಿಗಿಂತ ಹೆಚ್ಚು ಕೊಡುತ್ತೇನೆ, ಕಾರು ಆ ಮೂಲೆಯಲ್ಲಿದೆ, ಬೇಗ ಬನ್ನಿ, ಬೇಗ. ನನ್ನ ಪಾಲಿಗೆ ಅವನು ದೇವದೂತನಂತೆ ಕಂಡ. ಸಾಹೇಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಲೆಯಾಡಿಸಿ, ಮುಂದೆ ನಡೆದರು. ನಾನು ಅವರ ತೋಳು ಹಿಡಿದು ಎಳೆದೆ.

"ಸಾಹೇಬ್ರೆ, ನಿಮ್ಮ ಹಠಕ್ಕೆ ಜೆರೋಮ್ ಸಾಯ್ತಾನೆ!"

"ಅವಸರ ನಮ್ಮದು ಮಾಸ್ಟ್ರೆ, ಅವನಿಗೆ ಎಂತಕ್ಕೆ ಅವಸರ?" ಎಂದರು ಅವರು. ದನಿ ಏರಲಿಲ್ಲ, ಆದರೆ ಅಂಗೈ ಎದೆಯನ್ನು ಒತ್ತಿ ಹಿಡಿದಿತ್ತು.

ಹನ್ನೆರಡೂ ಮುಕ್ಕಾಲು. ಪೇಟೆಯ ತಿರುವಿನಲ್ಲಿ ಹಳದಿ ಕೊಡೆಯ ಕೆಳಗೆ ಒಂದು ಪುಟ್ಟ ಮೇಜಿಟ್ಟುಕೊಂಡು ನಡುವಯಸ್ಸಿನ ಹೆಂಗಸೊಬ್ಬಳು ಕುಳಿತಿದ್ದಳು. ಅಲ್ಲಿ ಜನ ಫೋನಿನ ಮೂಲಕ ಹಣ ಕಳಿಸುತ್ತಾರೆ. ಇಂಥ ಕೊಡೆಗಳ ಕೆಳಗೆ ನಗದು ಕೊಟ್ಟು ಫೋನಿಗೆ ತುಂಬಿಸಿಕೊಳ್ಳುತ್ತಾರೆ, ಇಲ್ಲವೇ ಫೋನಿನದನ್ನು ನಗದು ಮಾಡಿಸಿಕೊಳ್ಳುತ್ತಾರೆ. ಅವಳ ಹೆಸರು ಮ್ವಾಜುಮಾ ಎಂದು ಆಮೇಲೆ ತಿಳಿಯಿತು. ಸಾಹೇಬರು ತಮಗೆ ಬರುವ ಹರಕು ಸ್ವಾಹಿಲಿಯಲ್ಲಿ ವಿಷಯ ಹೇಳಿದರು. ಅವಳು ಬೇಡವೆಂದಳು. ಡಾಲರು ತನ್ನ ಕೆಲಸವಲ್ಲ, ಅಷ್ಟು ನಗದೂ ತನ್ನಲ್ಲಿಲ್ಲ. ಸಾಹೇಬರು ಹೆಚ್ಚಿನ ಕಮಿಷನ್ ಕೊಡುತ್ತೇನೆಂದಾಗ ಅವಳ ಮುಖ ಗಂಟಿಕ್ಕಿತು. ರೋಗಿಯ ಹಣದಲ್ಲಿ ಕಮಿಷನ್ ತಿನ್ನುವವಳಂತೆ ಕಾಣುತ್ತೇನೆಯೇ ಎಂದು ಕೇಳಿದಳಂತೆ. ಕೊನೆಗೆ ಅವಳೇ ದಾರಿ ಹೇಳಿದಳು. ತನ್ನಂತೆ ಕೊಡೆ ಹಿಡಿದು ಕುಳಿತವರು ಪಟ್ಟಣದಲ್ಲಿ ಹತ್ತಾರು ಜನ ಇದ್ದಾರೆ, ಅವರಿವರಲ್ಲಿ ಕೇಳಿ ಕೂಡಿಸಬಹುದು. ಆದರೆ ಡಾಲರು ಕಣ್ಣಿಗೆ ಕಾಣದೆ ಯಾರೂ ನಗದು ಬಿಚ್ಚುವುದಿಲ್ಲ. ನೋಟು ತನ್ನ ಕೈಗೆ ಕೊಡಬೇಕು. ಮೋಟರ್ ಸೈಕಲ್ಲಿನ ಹಿಂದೆ ಒಬ್ಬರಿಗೇ ಜಾಗ, ತಾನೊಬ್ಬಳೇ ಹೋಗಬೇಕು.

ನಲವತ್ತಾರು ವರ್ಷ ಯಾವ ಪರಕೀಯನ ಕೈಗೂ ಮೊದಲು ಹಣ ಇಡದ ಮನುಷ್ಯ ಆ ಬಿಸಿಲಿನಲ್ಲಿ ನಿಂತು ಅವಳನ್ನೇ ನೋಡಿದರು. ಅವಳು ಇವರನ್ನು ನೋಡುತ್ತಿರಲಿಲ್ಲ. ಮೇಜಿನ ಮೇಲಿನ ರಸೀದಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಸಾಹೇಬರು ಪಿನ್ನು ತೆಗೆದರು, ಗುಂಡಿ ಬಿಚ್ಚಿದರು, ಹನ್ನೆರಡು ನೋಟುಗಳನ್ನೂ ಅವಳ ಅಂಗೈಯಲ್ಲಿಟ್ಟರು. ಅವಳು ಎಣಿಸಿ, ಚೀಲದೊಳಗಿಟ್ಟು, ಕರೆಸಿಕೊಂಡ ಬೈಕಿನ ಹಿಂದೆ ಕುಳಿತು ಧೂಳಿನಲ್ಲಿ ಕಾಣದಾದಳು. ಆಗ ಒಂದು ಗಂಟೆ ಹತ್ತು ನಿಮಿಷ.

ನಾವು ಕೊಡೆಯ ಪಕ್ಕದ ಬೆಂಚಿನ ಮೇಲೆ ಕಾದೆವು. ಒಂದೂ ಇಪ್ಪತ್ತೈದಕ್ಕೆ ನನ್ನ ತಾಳ್ಮೆ ಮುಗಿದಿತ್ತು. ಅವಳ ಮನೆ ಎಲ್ಲಿ ಎಂದು ಕೇಳಲಿಲ್ಲ, ಫೋನ್ ನಂಬರ್ ತೆಗೆದುಕೊಳ್ಳಲಿಲ್ಲ. ಈ ಮೇಜು, ಈ ಕೊಡೆ ಎರಡೂ ಸೇರಿ ನೂರು ಡಾಲರು ಬಾಳುವುದಿಲ್ಲ. "ಎಂತ ಮಾಡಿದ್ರಿ ಸಾಹೇಬ್ರೆ! ಗೇಟಿನ ಆ ಹುಡುಗನಾದರೂ ಕಣ್ಣೆದುರು ಇದ್ದ!" ಎಂದು ನಾನು ಕಿರುಚಿದೆ. ಎರಡು ಬೀದಿ ಆಚೆ ಜೆರೋಮ್ ನರಳುತ್ತಿದ್ದ ದನಿ ನನ್ನ ಕಿವಿಯಲ್ಲೇ ಇತ್ತು. ಬೈಕಿನ ಸದ್ದು ಕೇಳಿದಾಗಲೆಲ್ಲ ಎದ್ದು ನಿಂತೆ, ಎದ್ದಾಗಲೆಲ್ಲ ಅದು ಬೇರೆ ಯಾರದೋ ಬೈಕಾಗಿತ್ತು. ಸಾಹೇಬರು ಕೋಟು ಕಳಚಿದರು. ಪರದೇಶದ ಬೀದಿಯಲ್ಲಿ ಅವರು ಕೋಟಿಲ್ಲದೆ ಕುಳಿತದ್ದನ್ನು ನಾನು ಮೊದಲ ಬಾರಿ ಕಂಡೆ. ಅದನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ಬೆವರಿಗೆ ಮೈಗಂಟಿದ ಅಂಗಿಯಲ್ಲಿ, ತುಟಿಯಲ್ಲೇ ಏನನ್ನೋ ಪಠಿಸುತ್ತ ಕುಳಿತರು. ಅವಳು ಹೋದ ರಸ್ತೆಯ ಕಡೆಗೆ ಒಂದು ಸಲವೂ ತಿರುಗಲಿಲ್ಲ.

ಎರಡು ಗಂಟೆ ದಾಟಿ ಐದು ನಿಮಿಷವಾಗಿತ್ತು, ಮ್ವಾಜುಮಾ ಬಂದಳು. ಚೀಲದ ತುಂಬ ನೋಟು, ಹತ್ತು ಸಾವಿರದವು, ಐದು ಸಾವಿರದವು, ಹತ್ತು ಕೈಗಳಿಂದ ಕೂಡಿಸಿದ ಎರಡು ಸಾವಿರದ ಮೆತ್ತಗಿನವು. ನಾನು ಚೀಲಕ್ಕೆ ಕೈಹಾಕಿ ಓಡಲು ಅಣಿಯಾದೆ.

"ಕೂತ್ಕೊಳ್ಳಿ ಮಾಸ್ಟ್ರೆ. ಎಣಿಸುವ."

"ಈಗಲಾ? ಸಮಯ ಎಲ್ಲಿ ಉಂಟು!"

"ಆಸ್ಪತ್ರೆಯ ಕೌಂಟರಿನಲ್ಲಿ ಕಡಿಮೆ ಬಿದ್ರೆ ಆಗ ಇವಳ ಹೆಸರು ಹೋಗ್ತದೆ. ಇವಳ ಎದುರಿನಲ್ಲೇ ಆಗಬೇಕು. ನೀವು ಐದರದ್ದು ಎಣಿಸಿ, ನಾನು ಉಳಿದದ್ದು."

ಅವಳು ಎದುರು ಕುಳಿತು, ಅದೇ ಸರಿಯೆಂಬಂತೆ ನೋಡುತ್ತಿದ್ದಳು. ಎಂಟು ನಿಮಿಷ ಹಿಡಿಯಿತು. ಎರಡು ಸಾವಿರ ಹೆಚ್ಚಿತ್ತು. ಸಾಹೇಬರು ಅದನ್ನು ಹಿಂದಿರುಗಿಸಿದರು. ಅವಳು ನಗು ಬೀರದೆ ತೆಗೆದುಕೊಂಡು, ಬೈಕಿನವನಿಗೆ ಕೊಟ್ಟು, "ಹೋಗಿ" ಎಂಬಂತೆ ಕೈ ಬೀಸಿದಳು. ಎರಡೂವರೆಗೆ ಜೆರೋಮನನ್ನು ಒಳಗೆ ಕರೆದೊಯ್ದರು. ಬೆರಳುದ್ದದ ಕರುಳು ಕಪ್ಪಾಗಿತ್ತಂತೆ, ಅದನ್ನು ತೆಗೆದು ಉಳಿದದ್ದನ್ನು ಜೋಡಿಸಿದರು. ಇನ್ನೊಂದು ಗಂಟೆ ತಡವಾಗಿದ್ದರೆ ತನ್ನಿಂದ ಏನೂ ಮಾಡಲಾಗುತ್ತಿರಲಿಲ್ಲ ಎಂದರು ವೈದ್ಯರು. ಹದಿನೇಳು ದಿನಗಳ ಬಳಿಕ, ಹತ್ತು ಕಿಲೋ ಇಳಿದ ಜೆರೋಮನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ನಾವು ಬಜಪೆಯ ವಿಮಾನ ನಿಲ್ದಾಣದಲ್ಲಿ ಇಳಿದೆವು.

ಕೆಲವು ತಿಂಗಳ ಮೇಲೆ ಒಂದು ಸಂಜೆ, ಬಂದರಿನ ಅವರ ಕಚೇರಿಯಲ್ಲಿ ಚಹಾ ಕುಡಿಯುತ್ತ, ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ. "ಅವಳು ಬರದಿದ್ದರೆ?"

ಅವರು ಲೋಟವನ್ನು ಮೇಜಿನ ಮೇಲಿಟ್ಟರು. "ಬರದಿದ್ರೆ ಜೆರೋಮ್ ಹೋಗ್ತಿದ್ರು. ಮತ್ತೆ ನಾನು ಈ ಊರಿಗೆ ಬರ್ತಿರ್ಲಿಲ್ಲ ಮಾಸ್ಟ್ರೆ. ಅದೆಲ್ಲ ಕೊಡುವ ಮೊದಲೇ ನೋಡಿ ಆಗಿತ್ತು. ಕೊಟ್ಟ ಮೇಲೆ ರಸ್ತೆ ನೋಡಿ ಎಂತ ಮಾಡುದು?"

ಸಂದೇಹಪಡುವ ಮನುಷ್ಯರನ್ನು ನಾನು ಆಯುಷ್ಯವಿಡೀ ಸಣ್ಣವರೆಂದು ತಿಳಿದು ಬಂದವನು. ತರಗತಿಯಲ್ಲಿ ವಿಶ್ವಾಸದ ಮೇಲೆ ಸೊಗಸಾಗಿ ಪಾಠ ಮಾಡಿದವನು. ಆದರೆ ಆ ಬೆಂಚಿನ ಮೇಲೆ ಹದಿನೈದೇ ನಿಮಿಷಕ್ಕೆ ನನ್ನ ವಿಶ್ವಾಸ ಬತ್ತಿಹೋಯಿತು, ಏಕೆಂದರೆ ಅದಕ್ಕಾಗಿ ನಾನು ಎಂದೂ ಬೆಲೆ ತೆತ್ತವನಲ್ಲ. ಹಾಶಿಂ ಸಾಹೇಬರಂಥ ಜನ ಲೋಕದಲ್ಲಿ ಕಡಿಮೆ, ಅವರ ಜೊತೆ ಬದುಕುವುದು ಸುಲಭವೂ ಅಲ್ಲ. ಅವರು ತಡಮಾಡುತ್ತಾರೆ, ತಕರಾರು ತೆಗೆಯುತ್ತಾರೆ, ಒಳ್ಳೆಯವರನ್ನೂ ಬಾಗಿಲಲ್ಲಿ ನಿಲ್ಲಿಸುತ್ತಾರೆ. ಆದರೆ ಮೋಸ ಹೋಗುವುದೆಂದರೆ ಏನೆಂದು ಪೂರ್ತಿ ತಿಳಿದುಕೊಂಡು, ಕಳೆದುಕೊಳ್ಳಲಿರುವುದನ್ನೆಲ್ಲ ಮೊದಲೇ ಲೆಕ್ಕ ಹಾಕಿ, ಆಮೇಲೂ ಒಬ್ಬ ಅಪರಿಚಿತೆಯ ಅಂಗೈಯಲ್ಲಿ ಸರ್ವಸ್ವವನ್ನಿಟ್ಟು ಸುಮ್ಮನೆ ಕುಳಿತಿರಬಲ್ಲವರು ಅಂಥವರೇ. ನಮ್ಮಂಥವರು ನಂಬುತ್ತೇವೆಂದು ಹೇಳಿಕೊಳ್ಳುವುದೆಲ್ಲ, ಬಹುಮಟ್ಟಿಗೆ, ಇನ್ನೂ ಯಾರೂ ನಮ್ಮನ್ನು ಪರೀಕ್ಷೆಗೆ ಒಡ್ಡಿಲ್ಲ ಎಂಬುದಷ್ಟೇ.