ಮಂಗಳನನ್ನು ತಳ್ಳಿದ ಬೆರಳು

ಅಪ್ಪನ ಹಿತ್ತಾಳೆ ಆಕಾಶದಲ್ಲಿ ಭೂಮಿ ನಟ್ಟನಡುವೆ ಇತ್ತು. ಸೂರ್ಯ, ಚಂದ್ರ, ಗ್ರಹಗಳೆಲ್ಲ ಹಲ್ಲುಚಕ್ರಗಳ ಮೇಲೆ ಅದರ ಸುತ್ತ ತಿರುಗುತ್ತಿದ್ದವು. ವೀಕ್ಷಣಾಲಯಕ್ಕಾಗಿ ಅಪ್ಪ ಇಪ್ಪತ್ತು ವರ್ಷ ಕೂತು ಮಾಡಿದ ಯಂತ್ರ ಅದು. ಉಳಿದ ಗ್ರಹಗಳೆಲ್ಲ ಹೇಳಿದ ಮಾತು ಕೇಳುತ್ತಿದ್ದವು, ಮಂಗಳನೊಬ್ಬ ಶುದ್ಧ ಮೊಂಡ. ಆಕಾಶದಲ್ಲಿ ಒಂದು ಕಡೆ ಇದ್ದರೆ ಯಂತ್ರದಲ್ಲಿ ಇನ್ನೊಂದು ಕಡೆ. ತಪ್ಪು ಕಂಡಾಗಲೆಲ್ಲ ಅಪ್ಪ ಊಟ ಬಿಟ್ಟು ಇನ್ನೊಂದು ಚಕ್ರ ಸೇರಿಸುತ್ತಿದ್ದ. ಕೊನೆಗೆ ಹಾಸಿಗೆ ಹಿಡಿದ.

ಯಂತ್ರ ನೋಡಿಕೊಳ್ಳುವ ಕೆಲಸ ನನಗೆ ಬಂತು. ವೀಕ್ಷಕರು ಪ್ರತಿ ಬೆಳಿಗ್ಗೆ ಮಂಗಳನ ನಿಜವಾದ ಜಾಗವನ್ನು ಹಲಗೆಯ ಮೇಲೆ ಸುಣ್ಣದಲ್ಲಿ ಬರೆಯುತ್ತಿದ್ದರು. ಯಂತ್ರ ಎಷ್ಟು ತಪ್ಪಿದೆ ಎಂದು ನಾನು ಪುಸ್ತಕದಲ್ಲಿ ಬರೆಯಬೇಕಿತ್ತು. ನಾನು ಮಂಗಳನನ್ನು ಬೆರಳಿನಿಂದ ಅಲ್ಲಿಗೆ ತಳ್ಳಿ, 'ಸೊನ್ನೆ' ಎಂದು ಬರೆದು, ಹಲಗೆ ಒರೆಸಿ ಮನೆಗೆ ಬರುತ್ತಿದ್ದೆ.

"ಸರಿಯಾಗೇ ಇದೆ ಅಪ್ಪಾ" ಅಂದರೆ ಸಾಕು, ಊಟ ಮಾಡುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆಯಿತು.

ಆಮೇಲೆ ಹೊಸಬನೊಬ್ಬ ಸೂರ್ಯನನ್ನು ನಡುವೆ ಕೂರಿಸಿದ ಯಂತ್ರ ತಂದ. ವೀಕ್ಷಣಾಲಯದ ಮುಖ್ಯಸ್ಥರು ಎರಡನ್ನೂ ಒಂದೇ ಕೋಣೆಯಲ್ಲಿಟ್ಟು ನಲವತ್ತು ದಿನ ಬೀಗ ಹಾಕಿಸಿದರು. ಯಾರ ಮಂಗಳ ತಪ್ಪುತ್ತಾನೋ ಆ ಯಂತ್ರ ಕುಲುಮೆಗೆ. ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ.

"ಎಣ್ಣೆ ಹಾಕೋಕಾದ್ರೂ ಒಳಗೆ ಬಿಡಿ ಸಾರ್!"

"ನಲವತ್ತು ದಿನ ಎಣ್ಣೆ ಇಲ್ದೆ ತಿರುಗದ ಆಕಾಶ ನಮಗ್ಯಾಕಮ್ಮಾ?"

ಯಂತ್ರ ಹೋದರೆ ಅಪ್ಪ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಬೀಗ ತೆಗೆದಾಗ ಅಪ್ಪನ ಮಂಗಳ ನಾಲ್ಕು ಬೆರಳಷ್ಟು ತಪ್ಪಿದ್ದ. ಹೊಸಬನ ಮಂಗಳ ಮೂರು. ಹೊಸಬ ತಲೆ ಮೇಲೆ ಕೈ ಹೊತ್ತು ಕೂತ. ಎರಡನ್ನೂ ಕರಗಿಸಿ ಎಂದರು ಮುಖ್ಯಸ್ಥರು.

ಮನೆಗೆ ಬಂದು ಅಳುತ್ತಲೇ ಹೇಳಿದೆ. ಅಪ್ಪ ಅಳಲಿಲ್ಲ. ವರ್ಷಗಟ್ಟಲೆ ಮಲಗಿದ್ದವನು ಎದ್ದು ಕೂತ.

"ಎರಡೂ ತಪ್ಪಾ? ಹಾಗಾದ್ರೆ ತಪ್ಪು ನಡುವೆ ಯಾರಿದ್ದಾರೆ ಅನ್ನೋದ್ರಲ್ಲಿ ಮಾತ್ರ ಇಲ್ಲ ಕಣೇ. ಮಂಗಳ ಸುತ್ತೋ ದಾರೀನೇ ದುಂಡಗಿಲ್ಲ! ನಾವು ಸುಮ್ನೆ ಚಕ್ರದ ಮೇಲೆ ಚಕ್ರ ಹಾಕ್ತಾ ಕೂತ್ವಿ. ಪುಸ್ತಕ ತಾ. ಯಾವ ದಿನ ಎಷ್ಟು ತಪ್ಪಿದ ಅಂತ ಗುರುತು ಹಾಕಿದ್ರೆ ದಾರಿ ಆಕಾರ ತಾನಾಗೇ ಕಾಣುತ್ತೆ."

ಪುಸ್ತಕ ತಂದುಕೊಟ್ಟೆ. ಕೊಡದೆ ಏನು ಮಾಡಲಿ? ಅಪ್ಪ ಹಾಳೆ ಮಗುಚಿದ. ಸೊನ್ನೆ. ಮತ್ತೆ ಮಗುಚಿದ. ಸೊನ್ನೆ. ಹೊಸದಾಗಿ ಹನ್ನೊಂದು ವರ್ಷ ಬರೆಯಲು ಅವನಿಗೆ ಹನ್ನೊಂದು ತಿಂಗಳೂ ಉಳಿದಿರಲಿಲ್ಲ.

"ನೀನು ಊಟ ಮಾಡ್ಲಿ ಅಂತ ತಳ್ತಿದ್ದೆ ಅಪ್ಪಾ..."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನ ತೋರುಬೆರಳು ಹಿಡಿದುಕೊಂಡು ಅಂಗಲಾಚಿದ.

"ನೆನಪು ಮಾಡ್ಕೋ ಮಗಳೇ. ಎಷ್ಟು ತಳ್ಳಿದೆ? ಕೂದಲೆಳೆಯಷ್ಟಾ, ಉಗುರಿನಷ್ಟಾ? ಒಂದೇ ಒಂದು ದಿನದ್ದು ಹೇಳು."

ನನಗೆ ಒಂದು ದಿನದ್ದೂ ನೆನಪಿರಲಿಲ್ಲ.