ಮುದ್ರೆ ಬಿದ್ದ ಕಿಟಕಿ

ಏಳು ಕೋಣೆಗಳ ಒಡೆಯರಾದ ನಮ್ಮ ಮನೆ ಯಜಮಾನರಿಗೆ, ಕತೆಯ ರಾಜರಿಗಿರುವಂತೆ, ಒಂದೇ ಒಂದು ಚಿಂತೆ. ಕಿಟಕಿಯಿಲ್ಲದ ಕೋಣೆಯನ್ನು ಬಾಡಿಗೆಗೆ ಕೊಡಬಾರದೆಂದು ನಗರಸಭೆ ಹೊಸ ನಿಯಮ ಮಾಡಿತ್ತು. ನಾನೂ ಅತ್ತೆಯೂ ಬಾಡಿಗೆಗಿದ್ದ ಕೋಣೆಗೆ ನಾಲ್ಕೂ ಕಡೆ ಬರೀ ಗೋಡೆ.

ಚಿಂತೆ ಅತ್ತೆಗೂ ಇತ್ತು. ಅವಳು ದರ್ಜಿಯೊಬ್ಬನಿಗೆ ಕೋಟುಗಳ ಗುಂಡಿತೂತಿಗೆ ಕೈಯಲ್ಲೇ ಕಾಜಾ ಹೊಲಿಯುವವಳು. ಬಲ್ಬಿನ ಬೆಳಕಿನಲ್ಲಿ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣದೆ ಎರಡು ಸಲ ಕಾಜಾ ಓರೆಯಾಗಿತ್ತು. ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲವೆಂದು ದರ್ಜಿ ಹೇಳಿಬಿಟ್ಟಿದ್ದ. ಹೊರಗೆ ಮೆಟ್ಟಿಲ ಮೇಲೆ ಕೂತು ಹೊಲಿದರೆ ಯಜಮಾನರ ಮರ್ಯಾದೆ ಹೋಗುತ್ತಿತ್ತು. ಹೋಗುವಷ್ಟು ಇತ್ತೆಂದು ನಮಗೆ ಗೊತ್ತಿರಲಿಲ್ಲ.

ಯಜಮಾನರು ಬುದ್ಧಿ ಓಡಿಸಿದರು. ಗುಜರಿಯಿಂದ ಹಳೆಯ ಕಿಟಕಿಯೊಂದನ್ನು ತರಿಸಿ, ಬಡಗಿಯಿಂದ ನೇರ ಗೋಡೆಗೇ ಮೊಳೆ ಹೊಡೆಸಿ ಕೂರಿಸಿದರು. ಮುಂದೆ ಚಿಲಕ, ಹೂವಿನ ಪರದೆ, ಹಿಂದೆ ಇಟ್ಟಿಗೆ.

ತಪಾಸಣೆಗೆ ಬಂದ ಸಾಹೇಬರು ಟೇಪು ಹಿಡಿದು ಅದರ ಉದ್ದ ಅಳೆದರು, ಅಗಲ ಅಳೆದರು. ತೆರೆದು ನೋಡಬೇಕೆಂದು ಅವರ ಫಾರಮ್ಮಿನಲ್ಲಿ ಎಲ್ಲೂ ಇರಲಿಲ್ಲ. ಒಮ್ಮೆ ತೆರೆಯಿರಿ ಎಂದು ಅತ್ತೆ ಕೇಳಿದ್ದಕ್ಕೆ, ಸಾಹೇಬರಿಗೆ ಧೂಳಾದೀತೆಂದು ಯಜಮಾನರು ಮರುಗಿದರು. ಸಾಹೇಬರು ಬೆವರೊರೆಸಿಕೊಳ್ಳುತ್ತ ಗಾಳಿ ಚೆನ್ನಾಗಿದೆಯೆಂದು ಬರೆದು, ವಾಸಯೋಗ್ಯ ಎಂದು ಮುದ್ರೆ ಒತ್ತಿ, ಅತ್ತೆಯ ಕೈಗೂ ಒಂದು ಪ್ರತಿ ಕೊಟ್ಟು ಹೋದರು.

ಅತ್ತೆ ಅದನ್ನು ನನ್ನಿಂದ ಎರಡು ಸಲ ಓದಿಸಿದಳು. ಮರುದಿನ ಬಡಗಿಯನ್ನು ಕರೆಸಿ, ಕಿಟಕಿ ತೆರೆದುಕೊಡು ಎಂದಳು.

“ಹಿಂದೆ ಗೋಡೆ ಇದೆಯಲ್ಲಕ್ಕಾ” ಎಂದು ಬಡಗಿ ಹಲ್ಲು ಕಿರಿದ.

“ಕಿಟಕಿ ಇದೆ ಅಂತ ಸರ್ಕಾರ ಬರೆದುಕೊಟ್ಟಿದೆ. ನೀನೇನು ಸರ್ಕಾರಕ್ಕಿಂತ ದೊಡ್ಡ ಮನುಷ್ಯನಾ? ಸುತ್ತಿಗೆ ತಗೋ.”

ಕತೆಗಳಲ್ಲಿ ಗೋಡೆ ಬಾಯಿಬಿಡಲು ಮಂತ್ರ ಬೇಕು. ನಮ್ಮದಕ್ಕೆ ಮುದ್ರೆ ಸಾಕಾಯಿತು. ಮಧ್ಯಾಹ್ನದೊಳಗೆ ಹದಿನೇಳು ಇಟ್ಟಿಗೆ ಉದುರಿದವು. ಆಚೆ ಕಂಡದ್ದು ಯಜಮಾನರದೇ ಹಜಾರ: ಆಳೆತ್ತರದ ನಾಲ್ಕು ಕಿಟಕಿ, ಕೂರುವವರಿಲ್ಲದ ಕುರ್ಚಿಗಳ ಮೇಲೆಲ್ಲ ಬಿಸಿಲು.

ಮುದ್ರೆ ಒತ್ತಿದ್ದಕ್ಕೆ ಸಾಹೇಬರಿಗೆ ಅಂದು ಹೋಟೆಲಿನಲ್ಲಿ ಊಟ ಹಾಕಿಸಲು ಹೋಗಿದ್ದ ಯಜಮಾನರು ಮರಳಿ ಬಂದವರು, ತಮ್ಮ ಹಜಾರದ ಗೋಡೆಯಲ್ಲಿ ಅತ್ತೆಯ ಮುಖ ಕಂಡು ಬೆಚ್ಚಿಬಿದ್ದರು. ಪೊಲೀಸರಿಗೆ ಹೇಳುತ್ತೇನೆ ಎಂದರು. ಹೇಳಿ ಎಂದಳು ಅತ್ತೆ. ಸಾಹೇಬರನ್ನೇ ಕರೆಸುತ್ತೇನೆ ಎಂದರು. ಕರೆಸಿ, ಇಲ್ಲಿ ಕಿಟಕಿ ಇರಲೇ ಇಲ್ಲ ಅಂತ ಅವರಿಂದಲೇ ಬರೆಸಿ, ಎಂದಳು. ಯಜಮಾನರು ಹಜಾರದಲ್ಲೇ ಮುಂದೆ ಬಂದು ಕಿಟಕಿಯ ತುಂಬ ನಿಂತರು.

ಅತ್ತೆ ಕಪ್ಪು ಕೋಟೊಂದನ್ನು ಮಡಿಲಿಗೆ ಎಳೆದುಕೊಂಡಳು.

“ಸ್ವಲ್ಪ ಆಚೆ ಸರೀರಿ ಯಜಮಾನ್ರೇ, ಬೆಳಕಿಗೆ ಅಡ್ಡ ನಿಂತಿದ್ದೀರಿ.”